ಸ್ಪ್ರಿಂಗ್ ಕಟ್ಟಿ ಎಬ್ಬಿಸಿದವರು: ಜೋಸೆಫ್ ಪಿಲಾಟೆಸ್

ಪಿಲಾಟೆಸ್ ಅಂದರೆ ಏನು ಅಂತ ನಮ್ಮ ಕ್ಯಾಂಪಸ್ಸಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಅದೊಂದು ಥರದ ವ್ಯಾಯಾಮ ಅಂತಾರೆ. ಯೋಗದ ಹಾಗೇ ಇರುತ್ತೆ ಅಂತಾರೆ. ಸಿನಿಮಾ ನಟಿಯರು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವ ವಿಡಿಯೋ ಅಂತಾರೆ. ಅದು ಒಬ್ಬ ಮನುಷ್ಯನ ಹೆಸರು ಅಂತ ಹೇಳುವವರು ತುಂಬಾ ಕಡಿಮೆ.

ಆ ವಿಡಿಯೋಗಳಲ್ಲಿ ಒಂದು ಮಂಚ ಕಾಣುತ್ತೆ. ಅದರ ಮೇಲೆ ಹಿಂದೆ ಮುಂದೆ ಜಾರುವ ಹಲಗೆ, ಹಗ್ಗ, ರಾಟೆ, ಕೆಳಗೆ ಸಾಲಾಗಿ ಸ್ಪ್ರಿಂಗ್. ಇನ್ನೊಂದು ಮಂಚಕ್ಕೆ ಸುತ್ತ ಕಬ್ಬಿಣದ ಚೌಕಟ್ಟು, ಮೇಲಿನಿಂದ ಸ್ಪ್ರಿಂಗ್ ನೇತುಹಾಕಿರುತ್ತಾರೆ, ಆ ಸ್ಪ್ರಿಂಗ್‌ಗೆ ಕಾಲು ಸಿಕ್ಕಿಸಿ ಮಲಗಿರುತ್ತಾರೆ. ಇವನ್ನೆಲ್ಲ ರೂಪಿಸಿದ ಜೋಸೆಫ್ ಪಿಲಾಟೆಸ್ ಡಾಕ್ಟರೂ ಅಲ್ಲ, ಡಿಗ್ರಿ ಪಡೆದ ಇಂಜಿನಿಯರೂ ಅಲ್ಲ. ಆದರೂ ಅವರ ಬದುಕನ್ನು ಇಂಜಿನಿಯರಿಂಗ್ ಓದುವ ನಾವು ಒಮ್ಮೆ ಓದಬೇಕು ಅಂತ ನಮಗೆ ಅನ್ನಿಸಿತು. ಯಾಕೆ ಅಂದರೆ ಒಂದು ಸಾಧಾರಣ ಸ್ಪ್ರಿಂಗ್‌ನಿಂದ ಏನು ಮಾಡಬಹುದು ಅನ್ನೋದನ್ನ ಅವರು ನೋಡಿದ ಹಾಗೆ ನೋಡಿದವರು ಕಡಿಮೆ.

ಕಾಯಿಲೆಯ ಹುಡುಗ

ಜೋಸೆಫ್ ಹ್ಯೂಬರ್ಟಸ್ ಪಿಲಾಟೆಸ್ ಹುಟ್ಟಿದ್ದು 1883ರ ಡಿಸೆಂಬರ್ 9ರಂದು, ಜರ್ಮನಿಯ ಪಶ್ಚಿಮದಲ್ಲಿರುವ ಮೋನ್ಶನ್‌ಗ್ಲಾಡ್‌ಬಾಖ್ ಊರಿನಲ್ಲಿ. ಅಪ್ಪ ಲೋಹದ ಕೆಲಸದವರು, ಜೊತೆಗೆ ಜಿಮ್ನಾಸ್ಟ್. ಮಗನ ಬದುಕಿನಲ್ಲಿ ಮುಂದೆ ಈ ಎರಡೂ ಬಂದು ಸೇರಿಕೊಂಡವು. ಲೋಹ ಬಗ್ಗಿಸುವ ಕೈಯೂ ಬಂತು, ಮೈ ಬಗ್ಗಿಸುವ ಹುಚ್ಚೂ ಬಂತು.

ಆದರೆ ಶುರುವಿನಲ್ಲಿ ಮೈಯೇ ಸರಿ ಇರಲಿಲ್ಲ. ಹುಡುಗನಿಗೆ ಅಸ್ತಮಾ, ರಿಕೆಟ್ಸ್, ರುಮ್ಯಾಟಿಕ್ ಜ್ವರ ಮೂರೂ ಕಾಡಿದ್ದವು ಅಂತ ಅವರ ಬದುಕಿನ ಕಥೆ ಹೇಳುವವರೆಲ್ಲ ಹೇಳುತ್ತಾರೆ. ಒಂದು ಉಸಿರನ್ನು ಕಟ್ಟುತ್ತೆ, ಇನ್ನೊಂದು ಮೂಳೆಯನ್ನು ಮೆತ್ತಗೆ ಮಾಡುತ್ತೆ, ಮತ್ತೊಂದು ಕೀಲುಗಳಿಗೂ ಹೃದಯಕ್ಕೂ ಪೆಟ್ಟು ಕೊಡುತ್ತೆ. ಆ ಕಾಲದಲ್ಲಿ ಇವಕ್ಕೆ ಮದ್ದು ಅಂತ ಹೇಳಿಕೊಳ್ಳುವ ಹಾಗೆ ಏನೂ ಇರಲಿಲ್ಲ. ರಿಕೆಟ್ಸ್‌ಗೆ ವಿಟಮಿನ್ ಡಿ ಕೊರತೆ ಕಾರಣ ಅಂತ ಗೊತ್ತಾಗಿದ್ದೇ 1920ರ ದಶಕದಲ್ಲಿ. ಪೆನಿಸಿಲಿನ್ ಕಂಡುಹಿಡಿದಿದ್ದು 1928ರಲ್ಲಿ. ಅಂದರೆ ಈ ಹುಡುಗ ಬೆಳೆದಾಗ ಡಾಕ್ಟರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ.

ಕೈಯಲ್ಲಿ ಇದ್ದದ್ದು ಜಿಮ್ನಾಸ್ಟಿಕ್ಸ್. ಜರ್ಮನಿಯಲ್ಲಿ ಅದಕ್ಕೆ ಆಗಲೇ ದೊಡ್ಡ ಪರಂಪರೆ ಇತ್ತು. ಫ್ರೀಡ್ರಿಶ್ ಲುಡ್ವಿಗ್ ಯಾನ್ ಅನ್ನುವವರು 1811ರಲ್ಲಿ ಬರ್ಲಿನ್‌ನ ಹಾಸನ್‌ಹೈಡೆಯಲ್ಲಿ ಬಯಲು ವ್ಯಾಯಾಮಶಾಲೆ ತೆರೆದಿದ್ದರು. ಇವತ್ತು ಒಲಿಂಪಿಕ್ಸ್‌ನಲ್ಲಿ ನಾವು ನೋಡುವ ಪ್ಯಾರಲಲ್ ಬಾರ್ಸ್‌ನಂಥ ಉಪಕರಣಗಳ ಬೇರು ಅಲ್ಲೇ ಇರೋದು. ನಮ್ಮ ಊರುಗಳಲ್ಲಿ ಗರಡಿಮನೆ ಇದ್ದ ಹಾಗೆ ಅಲ್ಲಿ ಊರೂರಿಗೆ ಜಿಮ್ನಾಸ್ಟಿಕ್ಸ್ ಕ್ಲಬ್‌ಗಳು ಇದ್ದವು.

ಜೋಸೆಫ್ ಅದನ್ನೇ ಹಿಡಿದರು. ಜಿಮ್ನಾಸ್ಟಿಕ್ಸ್, ಬಾಡಿ ಬಿಲ್ಡಿಂಗ್, ಈಜು, ಬಾಕ್ಸಿಂಗ್, ಸಿಕ್ಕಿದ್ದೆಲ್ಲ ಕಲಿತರು. ಅಂಗರಚನೆಯ ಪುಸ್ತಕ ಇಟ್ಟುಕೊಂಡು ಯಾವ ಸ್ನಾಯು ಎಲ್ಲಿದೆ ಅಂತ ತಮ್ಮ ಮೈಮೇಲೇ ಹುಡುಕಿದರು. 14 ವರ್ಷ ಆಗುವ ಹೊತ್ತಿಗೆ ಮೈ ಎಷ್ಟು ತಯಾರಾಗಿತ್ತು ಅಂದರೆ, ಅಂಗರಚನೆಯ ಚಾರ್ಟ್ ಬರೆಯುವವರು ಅವರನ್ನೇ ಮಾಡೆಲ್ ಆಗಿ ನಿಲ್ಲಿಸಿದ್ದರಂತೆ.

ಇಲ್ಲಿ ನಾವು ಒಂದು ವಿಷಯ ಗಮನಿಸಬೇಕು. ಜಿಮ್ನಾಸ್ಟಿಕ್ಸ್‌ನಲ್ಲಿ ಹೊರೆ ಅಂದರೆ ನಮ್ಮ ಮೈಯೇ. ಬಾರ್‌ಗೆ ಜೋತುಬಿದ್ದರೆ ಪೂರ್ತಿ ಮೈಭಾರ ಕೈಮೇಲೆ. ಡಂಬೆಲ್ ಆದರೆ 5 ಕಿಲೋ ಬೇಡ, 2 ಕಿಲೋ ಕೊಡಿ ಅನ್ನಬಹುದು. ಮೈಭಾರಕ್ಕೆ ಹಾಗೆ ಹೇಳೋಕೆ ಆಗಲ್ಲ. ಹಾಗಾಗಿ ಶಕ್ತಿ ಇದ್ದವರಿಗೆ ಇನ್ನಷ್ಟು ಶಕ್ತಿ ಬರುತ್ತೆ, ಶಕ್ತಿ ಇಲ್ಲದವರಿಗೆ ಶುರು ಮಾಡೋಕೇ ಆಗಲ್ಲ. ಕಾಯಿಲೆಯಿಂದ ಎದ್ದುಬಂದ ಹುಡುಗನಿಗೆ ಈ ತೊಂದರೆ ಪುಸ್ತಕದಿಂದ ಗೊತ್ತಾಗಬೇಕಾಗಿರಲಿಲ್ಲ.

ಮುಳ್ಳುತಂತಿಯ ಒಳಗೆ

ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಪಿಲಾಟೆಸ್ ಇಂಗ್ಲೆಂಡಿಗೆ ಹೋದರು. ಅಲ್ಲಿ ಬಾಕ್ಸಿಂಗ್ ಮಾಡಿದರು, ಸರ್ಕಸ್‌ನಲ್ಲಿ ಇದ್ದರು, ಸ್ವರಕ್ಷಣೆಯ ಪಾಠ ಹೇಳಿಕೊಟ್ಟರು ಅಂತ ಅವರ ಜೀವನಚರಿತ್ರೆಗಳು ಹೇಳುತ್ತವೆ. ಒಟ್ಟಿನಲ್ಲಿ ಮೈಯನ್ನೇ ನಂಬಿಕೊಂಡ ಬದುಕು.

1914ರ ಆಗಸ್ಟ್‌ನಲ್ಲಿ ಬ್ರಿಟನ್ ಮತ್ತು ಜರ್ಮನಿ ನಡುವೆ ಯುದ್ಧ ಶುರುವಾಯಿತು. ನಿನ್ನೆಯವರೆಗೆ ಪಕ್ಕದ ಮನೆಯವನಾಗಿದ್ದ ಜರ್ಮನ್ ಮನುಷ್ಯ ಈಗ ಶತ್ರು ದೇಶದವನು. 1915ರ ಮೇ ತಿಂಗಳಲ್ಲಿ ಲುಸಿಟಾನಿಯಾ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದ ಮೇಲಂತೂ ಬ್ರಿಟನ್‌ನಲ್ಲಿ ಸಿಟ್ಟು ಜೋರಾಯಿತು, ಸೈನ್ಯಕ್ಕೆ ಸೇರುವ ವಯಸ್ಸಿನ ಜರ್ಮನ್ ಗಂಡಸರನ್ನು ಸಾವಿರಗಟ್ಟಲೆ ಹಿಡಿದು ಶಿಬಿರಗಳಿಗೆ ಹಾಕಿದರು. ಅವರು ಸೈನಿಕರಲ್ಲ. ಕ್ಷೌರಿಕರು, ಹೋಟೆಲ್ ಮಾಣಿಗಳು, ಗುಮಾಸ್ತರು. ಅವರ ನಡುವೆ ಪಿಲಾಟೆಸ್ ಕೂಡ ಇದ್ದರು. ಮೊದಲು ಲ್ಯಾಂಕಾಸ್ಟರ್, ಆಮೇಲೆ ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರ.

ನಾಕಲೋದಲ್ಲಿ 20,000ಕ್ಕೂ ಹೆಚ್ಚು ಜನ ಇದ್ದರು. ಮರದ ಗುಡಿಸಲುಗಳು, ಸುತ್ತ ಮುಳ್ಳುತಂತಿ, ಸಮುದ್ರದ ಗಾಳಿ. ಊಟ ಸಿಗುತ್ತಿತ್ತು, ಆದರೆ ಮಾಡೋಕೆ ಕೆಲಸ ಇಲ್ಲ, ಬಿಡುಗಡೆ ಯಾವಾಗ ಅಂತ ಗೊತ್ತಿಲ್ಲ. ವರ್ಷಗಟ್ಟಲೆ ಹೀಗೆ ಕೂತವರ ಮನಸ್ಸು ಕುಸಿಯೋದನ್ನ ನೋಡಿ ಆಗಿನ ವೈದ್ಯರು ಅದಕ್ಕೆ ಮುಳ್ಳುತಂತಿ ಕಾಯಿಲೆ ಅಂತಲೇ ಹೆಸರಿಟ್ಟರು. ಕೂತಲ್ಲೇ ಕೂರೋದು, ಯಾರ ಜೊತೆಯೂ ಸೇರದಿರೋದು, ಸಣ್ಣದಕ್ಕೆಲ್ಲ ರೇಗೋದು. ಇದರಿಂದ ತಪ್ಪಿಸಿಕೊಳ್ಳೋಕೆ ಶಿಬಿರದ ಜನ ನಾಟಕ ಆಡಿದರು, ಮರಗೆಲಸ ಮಾಡಿದರು, ತೋಟ ಬೆಳೆಸಿದರು. ಪಿಲಾಟೆಸ್ ತಮಗೆ ಗೊತ್ತಿದ್ದದ್ದನ್ನು ಮಾಡಿದರು. ಜೊತೆಯವರಿಗೆ ವ್ಯಾಯಾಮ ಹೇಳಿಕೊಟ್ಟರು. ನೆಲದ ಮೇಲೆ ಒಂದು ಚಾಪೆಯಷ್ಟು ಜಾಗ ಇದ್ದರೆ ಸಾಕಾಗುವ ವ್ಯಾಯಾಮಗಳ ಸರಣಿ ಅಲ್ಲಿಯೇ ರೂಪ ಪಡೆಯಿತು ಅಂತ ಅವರ ಶಿಷ್ಯರು ಹೇಳುತ್ತಾರೆ.

ಅಲ್ಲಿಯದೇ ಇನ್ನೊಂದು ಕಥೆ ಇದೆ, ಪಿಲಾಟೆಸ್ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಹೇಳುವ ಕಥೆ. ಹಾಸಿಗೆ ಹಿಡಿದವರು ನೆಲದ ಮೇಲೆ ವ್ಯಾಯಾಮ ಮಾಡೋಕೆ ಆಗಲ್ಲ. ಅವರಿಗೋಸ್ಕರ ಪಿಲಾಟೆಸ್ ಮಂಚದ ಸ್ಪ್ರಿಂಗ್‌ಗಳನ್ನು ಬಿಚ್ಚಿ ಮಂಚದ ಚೌಕಟ್ಟಿಗೆ ಕಟ್ಟಿ, ಮಲಗಿದ್ದ ಹಾಗೇ ಕೈ ಕಾಲು ಆಡಿಸುವ ಹಾಗೆ ಮಾಡಿದರಂತೆ. ಮುಂದೆ ಅವರು ಮಾಡಿದ ಉಪಕರಣಗಳಲ್ಲಿ ಕೆಲವು ಮಂಚದ ಆಕಾರದಲ್ಲೇ ಇರೋದನ್ನ ನೋಡಿದರೆ ಈ ಕಥೆ ಯಾಕೆ ಇಷ್ಟು ಕಾಲ ಉಳಿಯಿತು ಅಂತ ಅರ್ಥವಾಗುತ್ತೆ. 1918ರ ಇನ್‌ಫ್ಲುಯೆಂಜಾದಲ್ಲಿ ಅವರ ಹತ್ತಿರ ವ್ಯಾಯಾಮ ಕಲಿತ ಒಬ್ಬರೂ ಸಾಯಲಿಲ್ಲ ಅನ್ನುವ ಮಾತೂ ಜೊತೆಗೆ ಸೇರಿಕೊಂಡಿದೆ. ಇದನ್ನು ಮಾತ್ರ ನಾವು ಲೆಕ್ಕ ಅಂತ ತೆಗೆದುಕೊಳ್ಳಬಾರದು. ಎದ್ದು ವ್ಯಾಯಾಮ ಮಾಡುವಷ್ಟು ಗಟ್ಟಿ ಇದ್ದವರು ಬದುಕಿದರೆ, ಬದುಕಿಸಿದ್ದು ವ್ಯಾಯಾಮವೋ ಮೊದಲೇ ಇದ್ದ ಗಟ್ಟಿತನವೋ? ಪ್ರೀತಿಯ ಶಿಷ್ಯರು ಗುರುವಿನ ಬಗ್ಗೆ ಹೇಳುವ ಮಾತಿಗೂ ಪ್ರಯೋಗದ ಫಲಿತಾಂಶಕ್ಕೂ ವ್ಯತ್ಯಾಸ ಇದೆ.

ಒಂದು ಸ್ಪ್ರಿಂಗ್, ಎರಡು ಕೆಲಸ

ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್‌ನಲ್ಲಿ ನಾವೆಲ್ಲ ಸ್ಪ್ರಿಂಗ್ ಕಾನ್‌ಸ್ಟಂಟ್ ಪ್ರಯೋಗ ಮಾಡಿದ್ದೇವೆ. ತೂಕ ನೇತುಹಾಕು, ಎಷ್ಟು ಉದ್ದವಾಯಿತು ನೋಡು, ಗ್ರಾಫ್ ಹಾಕು. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಅಷ್ಟೇ: ಸ್ಪ್ರಿಂಗ್ ಅನ್ನು ಎಳೆದಷ್ಟೂ ಅದು ವಾಪಸ್ ಎಳೆಯುವ ಬಲ ಅದೇ ಪ್ರಮಾಣದಲ್ಲಿ ಹೆಚ್ಚುತ್ತೆ. ವೈವಾದಲ್ಲಿ ಉತ್ತರ ಹೇಳಿ ಮರೆತುಬಿಡುವ ಈ ನಿಯಮ ಒಬ್ಬ ರೋಗಿಯ ಕಾಲಿಗೆ ಕಟ್ಟಿದಾಗ ಏನಾಗುತ್ತೆ ಅಂತ ಒಂದು ಲೆಕ್ಕ ಮಾಡೋಣ.

60 ಕಿಲೋ ತೂಕದ ಒಬ್ಬರು ಅಂಗಾತ ಮಲಗಿದ್ದಾರೆ. ಬೆನ್ನುನೋವು, ಹೊಟ್ಟೆಯಲ್ಲಿ ಶಕ್ತಿ ಇಲ್ಲ. ಒಂದು ಕಾಲಿನ ತೂಕ ಮೈತೂಕದ ಸುಮಾರು 16 ಶೇಕಡಾ, ಅಂದರೆ ಹತ್ತಿರ ಹತ್ತಿರ 10 ಕಿಲೋ, 98 ನ್ಯೂಟನ್. ಕಾಲಿನ ಗುರುತ್ವಕೇಂದ್ರ ಸೊಂಟದ ಕೀಲಿನಿಂದ ಕಾಲುದ್ದದ ಸುಮಾರು 45 ಶೇಕಡಾ ದೂರದಲ್ಲಿ ಇರುತ್ತೆ. ಕಾಲನ್ನು ನೇರವಾಗಿ ಚಾಚಿ ನೆಲಕ್ಕೆ ಸಮಾನಾಂತರವಾಗಿ ಎತ್ತಿ ಹಿಡಿಯಬೇಕು ಅಂದರೆ, ಪಾದದ ಹತ್ತಿರ ಮೇಲಿನಿಂದ ಸುಮಾರು 44 ನ್ಯೂಟನ್ ಬಲ ಕೊಟ್ಟರೆ ಸಾಕು, ಕಾಲು ಗಾಳಿಯಲ್ಲಿ ತೇಲುತ್ತೆ. ಮೀಟರಿಗೆ 200 ನ್ಯೂಟನ್ ಇರುವ ಒಂದು ಸ್ಪ್ರಿಂಗ್ ಅನ್ನು ಮೇಲಿನಿಂದ ನೇತುಹಾಕಿ ಪಾದಕ್ಕೆ ಸಿಕ್ಕಿಸಿದರೆ, ಅದು 22 ಸೆಂಟಿಮೀಟರ್ ಹಿಗ್ಗಿದಾಗ ಸರಿಯಾಗಿ ಅಷ್ಟೇ ಬಲ ಸಿಗುತ್ತೆ. ಬೆನ್ನಿಗೆ ಒಂದಿಷ್ಟೂ ಹೊರೆ ಇಲ್ಲ.

ಈಗ ಪಾದವನ್ನು 10 ಸೆಂಟಿಮೀಟರ್ ಮೇಲೆ ಎತ್ತಿ. ಸ್ಪ್ರಿಂಗ್ 12 ಸೆಂಟಿಮೀಟರ್‌ಗೆ ಕುಗ್ಗಿತು, ಅದರ ಬಲ 24 ನ್ಯೂಟನ್‌ಗೆ ಇಳಿಯಿತು. ಉಳಿದ 20 ನ್ಯೂಟನ್ ಅನ್ನು ನಮ್ಮ ಸ್ನಾಯು ಕೊಡಬೇಕು. ಸ್ಪ್ರಿಂಗ್ ಅರ್ಧಕ್ಕಿಂತ ಹೆಚ್ಚು ಹೊತ್ತಿದೆ, ಬಾಕಿ ನಮ್ಮದು. ಇದು ಆಸರೆ. ಇನ್ನು ಪಾದವನ್ನು ಸಮತಲದಿಂದ 10 ಸೆಂಟಿಮೀಟರ್ ಕೆಳಗೆ ಒತ್ತಿ. ಸ್ಪ್ರಿಂಗ್ 32 ಸೆಂಟಿಮೀಟರ್ ಹಿಗ್ಗಿತು, 64 ನ್ಯೂಟನ್‌ನಲ್ಲಿ ಮೇಲಕ್ಕೆ ಎಳೆಯುತ್ತಿದೆ. ಕಾಲಿನ ತೂಕ ಕಳೆದರೆ ಇನ್ನೂ 20 ನ್ಯೂಟನ್ ಬಲದಲ್ಲಿ ನಾವು ಕೆಳಕ್ಕೆ ಒತ್ತಿ ಹಿಡಿಯಬೇಕು. ಇದು ಎದುರಾಳಿ. ಅದೇ ಸ್ಪ್ರಿಂಗ್, ಅದೇ ಕಾಲು. ಮೇಲೆ ಹೋಗುವಾಗ ಕೈ ಹಿಡಿಯುತ್ತೆ, ಕೆಳಗೆ ಬರುವಾಗ ಕುಸ್ತಿಗೆ ನಿಲ್ಲುತ್ತೆ.

ತೂಕದ ತಟ್ಟೆ ಇರುವ ಜಿಮ್ ಮಷಿನ್‌ಗೂ ಇದಕ್ಕೂ ಇನ್ನೊಂದು ವ್ಯತ್ಯಾಸ ಇದೆ. ತೂಕಕ್ಕೆ ಜಡತ್ವ ಇದೆ. ಜೋರಾಗಿ ಒಮ್ಮೆ ಜಗ್ಗಿದರೆ ಅರ್ಧ ದಾರಿ ಅದೇ ಹೋಗುತ್ತೆ, ನಾವು ಕೆಲಸ ಕದಿಯಬಹುದು. ಸ್ಪ್ರಿಂಗ್ ಹಗುರ, ಅದರ ಹತ್ತಿರ ಆ ಆಟ ನಡೆಯಲ್ಲ. ಎಳೆದಾಗ ತುಂಬಿಕೊಂಡ ಶಕ್ತಿಯನ್ನು ಅದು ವಾಪಸ್ ಕೊಟ್ಟೇ ಕೊಡುತ್ತೆ, ಎರಡು ಪಟ್ಟು ಎಳೆದರೆ ನಾಲ್ಕು ಪಟ್ಟು ಶಕ್ತಿ. ಬಿಟ್ಟರೆ ಟಪ್ ಅಂತ ಹೊಡೆಯುತ್ತೆ. ಹಾಗಾಗಿ ವಾಪಸ್ ಬರುವಾಗಲೂ ಸ್ನಾಯು ಅದನ್ನು ಹಿಡಿದು ಹಿಡಿದು ಬಿಡಬೇಕು. ಪಿಲಾಟೆಸ್ ಕಲಿಸುವವರು ವಾಪಸ್ ಬರುವ ದಾರಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳೋದು ಇದಕ್ಕೇ.

ರಿಫಾರ್ಮರ್ ಅನ್ನುವ ಜಾರುವ ಹಲಗೆಯ ಮಂಚದಲ್ಲಿ ಇನ್ನೊಂದು ಜಾಣತನ ಇದೆ. ಅಲ್ಲಿ ಸ್ಪ್ರಿಂಗ್‌ಗಳು ಪಕ್ಕಪಕ್ಕದಲ್ಲಿ, ಅಂದರೆ ಪ್ಯಾರಲಲ್‌ನಲ್ಲಿ ಇರುತ್ತವೆ. ಒಂದೊಂದು ಸಿಕ್ಕಿಸಿದಾಗಲೂ ಬಲ ಕೂಡಿಕೊಳ್ಳುತ್ತೆ. ಕಾಲಿನಿಂದ ಒತ್ತಿ ಹಲಗೆಯನ್ನು ದೂರ ತಳ್ಳುವಾಗ ಹೆಚ್ಚು ಸ್ಪ್ರಿಂಗ್ ಅಂದರೆ ಹೆಚ್ಚು ಕಷ್ಟ. ಆದರೆ ಅದೇ ಹಲಗೆಯ ಮೇಲೆ ಮಂಡಿಯೂರಿಯೋ ನಿಂತೋ ಸಮತೋಲನ ಹಿಡಿಯುವ ವ್ಯಾಯಾಮಗಳಲ್ಲಿ ಸ್ಪ್ರಿಂಗ್ ಕಡಿಮೆ ಮಾಡಿದಷ್ಟೂ ಹಲಗೆ ಓಡಿಹೋಗೋಕೆ ನೋಡುತ್ತೆ, ಅದನ್ನು ಹಿಡಿದು ನಿಲ್ಲಿಸುವ ಪೂರ್ತಿ ಜವಾಬ್ದಾರಿ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳದ್ದು. ಅಲ್ಲಿ ಸ್ಪ್ರಿಂಗ್ ತೆಗೆಯೋದೇ ಮುಂದಿನ ಹಂತ.

ಇವತ್ತು ಜಿಮ್ನಾಸ್ಟ್‌ಗಳು ಹೊಸ ಲಾಗ ಕಲಿಯುವಾಗ ಸೊಂಟಕ್ಕೆ ಬೆಲ್ಟ್ ಕಟ್ಟಿ, ಎರಡೂ ಕಡೆ ಹಗ್ಗ ಹಾಕಿ ಮೇಲಿನಿಂದ ತೂಗುಬಿಡೋದನ್ನ ನಾವು ವಿಡಿಯೋಗಳಲ್ಲಿ ನೋಡುತ್ತೇವೆ. ಕೆಲವು ಕಡೆ ಹಗ್ಗದ ಬದಲು ಹಿಗ್ಗುವ ಬಂಜಿ ಇರುತ್ತೆ. ಮೈಭಾರದ ಒಂದು ಪಾಲನ್ನು ಮೇಲಿನ ಹಗ್ಗ ಹೊತ್ತುಕೊಂಡರೆ, ಬಿದ್ದು ಕತ್ತು ಮುರಿದುಕೊಳ್ಳುವ ಭಯ ಇಲ್ಲದೆ ಮೈ ಆ ಚಲನೆಯನ್ನು ಕಲಿಯುತ್ತೆ. ಕಲಿತ ಮೇಲೆ ಬೆಲ್ಟ್ ಬಿಚ್ಚುತ್ತಾರೆ. ಪಿಲಾಟೆಸ್ ಅವರ ಮಂಚದ ಹಿಂದಿರುವ ಯೋಚನೆಯೂ ಇದೇ ಜಾತಿಯದು. ವ್ಯತ್ಯಾಸ ಇಷ್ಟೇ, ಅವರು ಅದನ್ನು ಲಾಗ ಹಾಕುವವರಿಗೂ ಮಾಡಿದರು, ಮಗ್ಗುಲು ಬದಲಿಸಲಾಗದವರಿಗೂ ಮಾಡಿದರು.

ಎಂಟನೇ ಅವೆನ್ಯೂ, 939

ಯುದ್ಧ ಮುಗಿದ ಮೇಲೆ, 1919ರಲ್ಲಿ ಪಿಲಾಟೆಸ್ ಜರ್ಮನಿಗೆ ವಾಪಸ್ ಹೋದರು. ಸೋತ ದೇಶ, ನೋಟಿಗೆ ಬೆಲೆ ಇಲ್ಲದ ಕಾಲ. 1926ರಲ್ಲಿ ಹಡಗು ಹತ್ತಿ ಅಮೆರಿಕಾಗೆ ಹೋದರು. ಆಗ ಅವರಿಗೆ 42 ವರ್ಷ. ಆ ಹಡಗಿನಲ್ಲೇ ಕ್ಲಾರಾ ಪರಿಚಯವಾದರು ಅಂತ ಹೇಳುತ್ತಾರೆ. ಮುಂದೆ ಕೊನೆಯವರೆಗೂ ಬದುಕಿನಲ್ಲೂ ಕೆಲಸದಲ್ಲೂ ಅವರ ಜೊತೆಗಿದ್ದವರು ಕ್ಲಾರಾ. 1927ರಲ್ಲಿ ಪಿಲಾಟೆಸ್ ಅವರಿಗೆ ಅಮೆರಿಕಾದ ಒಂದು ಪೇಟೆಂಟ್ ಸಿಕ್ಕಿತು. ಪೇಟೆಂಟಿನ ಹೆಸರಿನಲ್ಲಿ ಇದ್ದದ್ದು ಜಿಮ್ನಾಸ್ಟಿಕ್ ಉಪಕರಣ ಅಂತ ಅಷ್ಟೇ.

ನ್ಯೂಯಾರ್ಕಿನ ಎಂಟನೇ ಅವೆನ್ಯೂ, 939ನೇ ನಂಬರಿನ ಕಟ್ಟಡದಲ್ಲಿ ಇಬ್ಬರೂ ಸೇರಿ ತಮ್ಮ ವ್ಯಾಯಾಮಶಾಲೆ ತೆರೆದರು. ಜಾಗವೂ ಹೇಳಿಮಾಡಿಸಿದ ಹಾಗಿತ್ತು. ಅದೇ ರಸ್ತೆಯ 919ರಲ್ಲಿ ಬಾಕ್ಸರ್‌ಗಳ ಸ್ಟಿಲ್‌ಮನ್ಸ್ ಜಿಮ್. ಸುತ್ತಮುತ್ತ ನೃತ್ಯದ ತಾಲೀಮು ನಡೆಯುವ ಕಟ್ಟಡಗಳು. ನೃತ್ಯ ಮಾಡುವವರ ಬದುಕು ಅಂದರೆ ಗಾಯದ ಬದುಕು. ಮಂಡಿ, ಹಿಮ್ಮಡಿ, ಸೊಂಟ, ಯಾವುದಾದರೂ ಒಂದು ಯಾವಾಗಲೂ ಕೈಕೊಟ್ಟಿರುತ್ತೆ. ಆರು ತಿಂಗಳು ಮಲಗಿದರೆ ಪಾತ್ರ ಬೇರೆಯವರ ಪಾಲು. ನೋಯುವ ಕಾಲಿನ ಮೇಲೆ ಭಾರ ಬಿಡದೆ, ಆದರೂ ಸ್ನಾಯು ಸಾಯದ ಹಾಗೆ ಕೆಲಸ ಮಾಡಿಸುವ ಜಾಗ ಒಂದಿದೆ ಅನ್ನುವ ಸುದ್ದಿ ಅವರ ನಡುವೆ ಬಾಯಿಂದ ಬಾಯಿಗೆ ಹೋಯಿತು.

ಜಾರ್ಜ್ ಬಾಲನ್ಶೀನ್, ಮಾರ್ಥಾ ಗ್ರಹಾಂ, ಟೆಡ್ ಶಾನ್, ರೂತ್ ಸೇಂಟ್ ಡೆನಿಸ್. ಅಮೆರಿಕಾದ ನೃತ್ಯದ ಇತಿಹಾಸದಲ್ಲಿ ದೊಡ್ಡ ಹೆಸರುಗಳು ಇವು, ಇವರೆಲ್ಲರಿಗೂ ಪಿಲಾಟೆಸ್ ಅವರ ಜೊತೆ ಒಡನಾಟ ಇತ್ತು. ಟೆಡ್ ಶಾನ್ ಮ್ಯಾಸಚೂಸೆಟ್ಸ್‌ನಲ್ಲಿ ಕಟ್ಟಿದ ಜೇಕಬ್ಸ್ ಪಿಲೋ ಅನ್ನುವ ನೃತ್ಯಕೇಂದ್ರದಲ್ಲಿ 1939ರಿಂದ 1951ರ ನಡುವಿನ ಹಲವು ಬೇಸಿಗೆಗಳಲ್ಲಿ ಪಿಲಾಟೆಸ್ ಪಾಠ ಮಾಡಿದರು.

ಶಾಲೆಯ ಒಳಗೆ ಮಷಿನ್‌ಗಳು ಒಂದರ ಹಿಂದೆ ಒಂದು ಬಂದವು. ರಿಫಾರ್ಮರ್ ಬಂತು. ಚೌಕಟ್ಟಿನಿಂದ ಸ್ಪ್ರಿಂಗ್, ಟ್ರಪೀಜ್, ಪಾದ ಸಿಕ್ಕಿಸಿ ತಲೆಕೆಳಗಾಗಿ ಜೋತುಬೀಳುವ ಪಟ್ಟಿ ಎಲ್ಲ ಇರುವ ಟ್ರಪೀಜ್ ಟೇಬಲ್ ಬಂತು. ಇದಕ್ಕೆ ಆಮೇಲೆ ಕ್ಯಾಡಿಲಾಕ್ ಅಂತ ಅಡ್ಡಹೆಸರು ಬಿತ್ತು, ದುಬಾರಿ ಕಾರಿನ ಹಾಗೆ ಎಲ್ಲ ಸೌಕರ್ಯ ಇದೆ ಅಂತ. ನ್ಯೂಯಾರ್ಕಿನ ಚಿಕ್ಕ ಮನೆಗಳಿಗೆ ಅಂತ ವುಂಡಾ ಚೇರ್ ಮಾಡಿದರು. ಸ್ಪ್ರಿಂಗ್ ಇರುವ ಪೆಡಲ್ ಒತ್ತಿ ವ್ಯಾಯಾಮ ಮಾಡುವ ಪೆಟ್ಟಿಗೆ ಅದು. ವ್ಯಾಯಾಮ ಮುಗಿದ ಮೇಲೆ ತಿರುಗಿಸಿ ಇಟ್ಟರೆ ಕೂರುವ ಕುರ್ಚಿ. ಜಾಗದ ತಾಪತ್ರಯ ಗೊತ್ತಿರುವ ಹಾಸ್ಟೆಲ್ ವಾಸಿಗಳಾದ ನಮಗೆ ಈ ಡಿಸೈನ್‌ನ ಬೆಲೆ ಹೇಳಬೇಕಾಗಿಲ್ಲ.

ಆದರೆ ಪಿಲಾಟೆಸ್ ತಮ್ಮ ವಿದ್ಯೆಗೆ ತಮ್ಮ ಹೆಸರು ಇಡಲಿಲ್ಲ. ಅವರು ಕರೆದದ್ದು ಕಂಟ್ರಾಲಜಿ ಅಂತ. ಸ್ನಾಯುವನ್ನು ಮನಸ್ಸು ಹಿಡಿತದಲ್ಲಿಟ್ಟು ಆಡಿಸುವ ವಿದ್ಯೆ ಅನ್ನುವ ಅರ್ಥದಲ್ಲಿ. 1945ರಲ್ಲಿ ವಿಲಿಯಂ ಮಿಲ್ಲರ್ ಜೊತೆ ಸೇರಿ ಬರೆದ ಪುಸ್ತಕದಲ್ಲಿ 34 ವ್ಯಾಯಾಮಗಳಿವೆ. ಗಮ್ಮತ್ತು ಅಂದರೆ, ಇಷ್ಟೆಲ್ಲ ಮಷಿನ್ ಮಾಡಿದ ಮನುಷ್ಯ ಬರೆದ ಆ 34ರಲ್ಲಿ ಒಂದಕ್ಕೂ ಮಷಿನ್ ಬೇಡ. ಎಲ್ಲವೂ ನೆಲದ ಮೇಲೆ, ಚಾಪೆಯ ಮೇಲೆ. ಮಷಿನ್‌ನ ಸ್ಪ್ರಿಂಗ್ ಹಿಡಿದು ಕಲಿತದ್ದನ್ನು ಒಂದು ದಿನ ಸ್ಪ್ರಿಂಗ್ ಇಲ್ಲದೆ ಮಾಡಬೇಕು. ಅವರ ಉಪಕರಣಗಳು ಹೊರಟಿದ್ದೇ ಆ ಕಡೆಗೆ ಅಂತ ನಮಗೆ ಅನ್ನಿಸುತ್ತೆ.

ಬಾರದ ಡಾಕ್ಟರುಗಳು

ಪಿಲಾಟೆಸ್ ಸುಲಭದ ಮನುಷ್ಯ ಆಗಿರಲಿಲ್ಲ. ಗಟ್ಟಿ ದನಿ, ಗಟ್ಟಿ ಅಭಿಪ್ರಾಯ. ಚಡ್ಡಿ ಹಾಕಿಕೊಂಡು, ಬರಿಮೈಯಲ್ಲಿ, ಎಪ್ಪತ್ತು ದಾಟಿದ ಮೇಲೂ ಕ್ಯಾಮರಾ ಮುಂದೆ ಮೈ ತೋರಿಸಿ ನಿಲ್ಲುತ್ತಿದ್ದರು. ತಾನು ಕಾಲಕ್ಕಿಂತ ಐವತ್ತು ವರ್ಷ ಮುಂದಿದ್ದೇನೆ ಅಂತ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಶಿಷ್ಯರಿಗೆ ನೋವಾದಾಗ, ಹೆದರಿಕೆಯಾದಾಗ ಹತ್ತಿರ ಬಂದು ನಿಧಾನಕ್ಕೆ ಹೇಳಿಕೊಡುತ್ತಿದ್ದವರು ಕ್ಲಾರಾ. ಮಷಿನ್ ಕಟ್ಟಿದವರು ಒಬ್ಬರು, ಅದರ ಮೇಲೆ ಮಲಗಿದವರ ಮುಖ ನೋಡಿ ಯಾವ ಸ್ಪ್ರಿಂಗ್ ಅಂತ ತಿಳಿದವರು ಇನ್ನೊಬ್ಬರು ಅಂತ ಹೇಳಿದರೂ ತಪ್ಪಾಗಲ್ಲ. ಬೋರ್ಡಿನ ಮೇಲೆ ಉಳಿದ ಹೆಸರು ಮಾತ್ರ ಒಂದೇ.

ಅವರಿಗೆ ಒಂದೇ ದೊಡ್ಡ ಆಸೆ ಇತ್ತು. ಡಾಕ್ಟರುಗಳು ತಮ್ಮ ಮಾತು ಕೇಳಬೇಕು, ಆಸ್ಪತ್ರೆಗಳಿಗೆ ತಮ್ಮ ಮಂಚಗಳು ಹೋಗಬೇಕು, ಶಾಲೆಗಳಲ್ಲಿ ತಮ್ಮ ವ್ಯಾಯಾಮ ಕಲಿಸಬೇಕು. ಅದು ಆಗಲಿಲ್ಲ. ಡಿಗ್ರಿ ಇಲ್ಲದ, ಸರ್ಕಸ್ಸಿನಿಂದ ಬಂದ, ಮಾತು ಮಾತಿಗೆ ಜಗಳಕ್ಕೆ ನಿಲ್ಲುವ ಮನುಷ್ಯನನ್ನು ವೈದ್ಯಲೋಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಈವ್ ಜೆಂಟ್ರಿ ಅನ್ನುವ ನೃತ್ಯಗಾರ್ತಿಯ ಕಥೆಯನ್ನು ಅವರ ಶಿಷ್ಯರು ಇವತ್ತಿಗೂ ಹೇಳುತ್ತಾರೆ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆ ಎದೆಯ ಸ್ನಾಯುಗಳನ್ನೂ ತೆಗೆದಮೇಲೆ ಕೈ ಎತ್ತಲಾಗದೆ ಇದ್ದ ಆಕೆ, ಪಿಲಾಟೆಸ್ ಹತ್ತಿರ ಕೆಲಸ ಮಾಡಿ ಮತ್ತೆ ಕೈಯನ್ನು ಪೂರ್ತಿ ಆಡಿಸುವ ಹಾಗಾದರು. ಅದನ್ನು ಫಿಲ್ಮ್ ಮಾಡಿ ತೋರಿಸಿದರೂ ಡಾಕ್ಟರು ನಂಬಲಿಲ್ಲವಂತೆ.

ಇದರಲ್ಲಿ ಎರಡೂ ಕಡೆ ನೋಡಬೇಕು. ಡಾಕ್ಟರುಗಳ ಕಡೆಯಿಂದ ನೋಡಿದರೆ, ಒಬ್ಬರಿಗೆ ಗುಣವಾಯಿತು ಅಂದ ಮಾತ್ರಕ್ಕೆ ಎಲ್ಲರಿಗೂ ಆಗುತ್ತೆ ಅಂತ ಒಪ್ಪೋಕೆ ಆಗಲ್ಲ. ಪಿಲಾಟೆಸ್ ಅಳತೆ ಮಾಡಿ, ಬರೆದಿಟ್ಟು, ಹೋಲಿಸಿ ತೋರಿಸುವ ದಾರಿ ಹಿಡಿಯಲಿಲ್ಲ. ಕಣ್ಣೆದುರು ಕಾಣುತ್ತಿರುವಾಗ ಇನ್ನೇನು ಸಾಕ್ಷಿ ಬೇಕು ಅನ್ನೋದು ಅವರ ಹಟ. ಅವರ ಕಡೆಯಿಂದ ನೋಡಿದರೆ, ಎದ್ದು ನಡೆಯುತ್ತಿರುವ ಮನುಷ್ಯನನ್ನೇ ಕರೆದುತಂದು ನಿಲ್ಲಿಸಿದರೂ ತಿರುಗಿ ನೋಡದಿದ್ದರೆ ಸಿಟ್ಟು ಬಾರದೆ ಇರುತ್ತಾ? ಒಳ್ಳೆಯ ಪ್ರೋಟೋಟೈಪ್ ಮಾಡಿ ಡಾಕ್ಯುಮೆಂಟೇಶನ್ ಮಾಡದೆ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮಗೆ ಸಿಗಲಿಕ್ಕಿಲ್ಲ. ಅವರ ಜೀವಮಾನದಲ್ಲಿ ಅದರ ಬೆಲೆ ತೆತ್ತವರು ಅವರೇ.

1967ರ ಅಕ್ಟೋಬರ್ 9ರಂದು ನ್ಯೂಯಾರ್ಕಿನಲ್ಲಿ ಪಿಲಾಟೆಸ್ ತೀರಿಕೊಂಡರು. 83 ವರ್ಷ ಆಗಿತ್ತು. ಶ್ವಾಸಕೋಶ ಹಾಳಾಗುವ ಎಂಫಿಸೀಮಾ ಬಂದಿತ್ತು. ಸಿಗಾರ್ ಅಂದರೆ ಅವರಿಗೆ ಇಷ್ಟ. ಅಸ್ತಮಾದಿಂದ ಏದುಸಿರು ಬಿಡುತ್ತಿದ್ದ ಹುಡುಗ, ಮುಂದೆ ಸಾವಿರಾರು ಜನರಿಗೆ ಸರಿಯಾಗಿ ಉಸಿರಾಡೋದನ್ನ ಕಲಿಸಿ, ಕೊನೆಗೆ ಉಸಿರಿನ ಕಾಯಿಲೆಯಲ್ಲೇ ಹೋದರು.

ಹೆಸರು ಎಲ್ಲರದ್ದಾಯಿತು

ಅವರು ಸತ್ತಾಗ ಅವರ ವಿದ್ಯೆ ಕೆಲವೇ ಜನ ಶಿಷ್ಯರ ಮೈಯಲ್ಲಿ ಉಳಿದಿತ್ತು. ಕ್ಲಾರಾ ಕೆಲಕಾಲ ಶಾಲೆ ನಡೆಸಿದರು. ಆಮೇಲೆ ರೋಮಾನಾ ಕ್ರಿಜನೋವ್ಸ್ಕಾ ಅದನ್ನು ಮುಂದುವರಿಸಿದರು. ಕರೋಲಾ ಟ್ರಿಯರ್, ಈವ್ ಜೆಂಟ್ರಿ, ರಾನ್ ಫ್ಲೆಚರ್, ಕ್ಯಾಥಿ ಗ್ರಾಂಟ್ ತಮ್ಮ ತಮ್ಮ ಕಡೆ ಕಲಿಸಿದರು. ಇವರಲ್ಲಿ ಹೆಚ್ಚಿನವರು ನೃತ್ಯದವರು. ಗಾಯವಾಗಿ ಬಂದವರು ಗುಣವಾಗಿ ಗುರುಗಳಾದರು. ಒಬ್ಬೊಬ್ಬರು ಕಲಿಸಿದ್ದು ಒಂದೊಂದು ಥರ, ಯಾಕೆ ಅಂದರೆ ಒಬ್ಬೊಬ್ಬರ ಮೈಗೆ ಪಿಲಾಟೆಸ್ ಕಲಿಸಿದ್ದೇ ಬೇರೆ ಬೇರೆ ಥರ.

ವ್ಯಾಯಾಮ ಜನಪ್ರಿಯವಾದ ಹಾಗೆ ಹೆಸರಿಗಾಗಿ ಜಗಳ ಶುರುವಾಯಿತು. ಪಿಲಾಟೆಸ್ ಅನ್ನುವ ಪದ ತಮ್ಮ ಟ್ರೇಡ್‌ಮಾರ್ಕ್, ಬೇರೆಯವರು ಬಳಸಬಾರದು ಅಂತ ಒಂದು ಕಂಪನಿ ಕೋರ್ಟಿಗೆ ಹೋಯಿತು. 2000ದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟ್ ತೀರ್ಪು ಕೊಟ್ಟಿತು. ಯೋಗ, ಕರಾಟೆ ಅನ್ನುವ ಹಾಗೆ ಪಿಲಾಟೆಸ್ ಅನ್ನೋದು ಒಂದು ವ್ಯಾಯಾಮ ಪದ್ಧತಿಯ ಹೆಸರಾಗಿಬಿಟ್ಟಿದೆ, ಅದು ಯಾರೊಬ್ಬರ ಸ್ವತ್ತಲ್ಲ ಅಂತ. ಆ ತೀರ್ಪಿನ ನಂತರವೇ ಅದು ಊರೂರಿಗೆ ಹರಡಿದ್ದು. ಇವತ್ತು ಬೆಂಗಳೂರಿನಲ್ಲೂ ಪಿಲಾಟೆಸ್ ಸ್ಟುಡಿಯೋ ಬೋರ್ಡ್‌ಗಳು ಕಾಣೋದು, ಫಿಸಿಯೋಥೆರಪಿ ಮಾಡುವವರು ಬೆನ್ನುನೋವಿಗೆ ಇದರ ವ್ಯಾಯಾಮಗಳನ್ನು ಹೇಳಿಕೊಡೋದು ಎಲ್ಲ ಅದರ ಮುಂದುವರಿಕೆ. ಬದುಕಿದ್ದಾಗ ಆಸ್ಪತ್ರೆಯ ಬಾಗಿಲು ತೆರೆಯದ ಮನುಷ್ಯನ ಹೆಸರು ಈಗ ಅದೇ ಬಾಗಿಲಿನಿಂದ ಒಳಗೆ ಹೋಗಿದೆ. ಆದರೆ ಸಣ್ಣ ಅಕ್ಷರದಲ್ಲಿ, ಮನುಷ್ಯನ ಹೆಸರು ಅಂತ ಯಾರಿಗೂ ಗೊತ್ತಾಗದ ಹಾಗೆ.

ಅವರ ಬದುಕಿನಿಂದ ನಾವು ತೆಗೆದುಕೊಳ್ಳಬೇಕಾದ್ದು ವ್ಯಾಯಾಮ ಒಂದೇ ಅಲ್ಲ. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಗೂನು ಹಾಕಿ ಕೂರುವ ನಮಗೆ ವ್ಯಾಯಾಮ ಬೇಕು, ಅದು ಬೇರೆ ಮಾತು. ನಾವು ನಾಳೆ ಮಷಿನ್ ಡಿಸೈನ್ ಮಾಡುವವರು, ಕೋಡ್ ಬರೆಯುವವರು. ಜನರಿಗೆ ಸಹಾಯ ಮಾಡೋದೇ ನಮ್ಮ ಕೆಲಸ ಅಂತ ಹೇಳಿಕೊಳ್ಳುತ್ತೇವೆ. ಆದರೆ ನಾವು ಮಾಡುವ ಎಷ್ಟೋ ವಸ್ತುಗಳು ಮನುಷ್ಯನ ಕೆಲಸವನ್ನು ಪೂರ್ತಿ ಕಿತ್ತುಕೊಂಡು ಅವನನ್ನು ಕೂರಿಸಿಬಿಡುತ್ತವೆ. ಇನ್ನು ಕೆಲವು ವಸ್ತುಗಳು ಮೊದಲೇ ಗಟ್ಟಿ ಇರುವವರಿಗೆ ಮಾತ್ರ ಉಪಯೋಗಕ್ಕೆ ಬರುತ್ತವೆ. ಈ ಎರಡರ ನಡುವೆ ಒಂದು ಜಾಗ ಇದೆ. ಆಗದಷ್ಟನ್ನು ತಾನು ಹೊತ್ತು, ಆಗುವಷ್ಟನ್ನು ಅವರ ಕೈಯಲ್ಲೇ ಮಾಡಿಸಿ, ಅವರು ಗಟ್ಟಿಯಾದ ಹಾಗೆ ತಾನು ಹಿಂದೆ ಸರಿಯುವ ಜಾಗ. ಒಬ್ಬ ಒಳ್ಳೆಯ ಮೇಷ್ಟ್ರು ಮಾಡೋದು ಅದನ್ನೇ. ಸೈಕಲ್ ಕಲಿಸುವಾಗ ಹಿಂದಿನ ಸೀಟು ಹಿಡಿದು ಓಡಿ ಬರುವ ಅಣ್ಣ ಮಾಡೋದೂ ಅದನ್ನೇ. ಒಂದು ಮಷಿನ್ ಕೈಯಲ್ಲಿ ಅದನ್ನು ಮಾಡಿಸಬಹುದು ಅಂತ ತೋರಿಸಿದ್ದು ಪಿಲಾಟೆಸ್. ಅದಕ್ಕೆ ಅವರಿಗೆ ಸೆನ್ಸರ್ ಬೇಕಾಗಲಿಲ್ಲ, ಮೋಟಾರ್ ಬೇಕಾಗಲಿಲ್ಲ. ಯಾರು ಮಲಗಿದ್ದಾರೆ ಅಂತ ನೋಡಿ, ಅವರಿಗೆ ಇವತ್ತು ಎಷ್ಟು ಆಗುತ್ತೆ ಅಂತ ತಿಳಿದು, ಅಷ್ಟಕ್ಕೆ ತಕ್ಕ ಸ್ಪ್ರಿಂಗ್ ಸಿಕ್ಕಿಸುತ್ತಿದ್ದರು. ಮುಂದಿನ ವಾರ ಅವರು ಬಂದಾಗ ಒಂದು ಬಿಚ್ಚುತ್ತಿದ್ದರು.